ಬರೆಯೂ ಹೌದು, ಬರಹವೂ ಹೌದು

ಮರದ ಮೇಲೆ ಬೆಂಕಿಯಿಂದ ಚಿತ್ರ ಬಿಡಿಸುವ ಕಲೆಗೆ ಕಾಲಿಡುವವರಿಗೆ: ಯಾವ ಸಾಧನ, ಯಾವ ಮರ, ಯಾವ ಎಚ್ಚರ

ಕನ್ನಡದಲ್ಲಿ ‘ಬರೆ’ ಎಂಬ ಎರಡಕ್ಷರಕ್ಕೆ ಎರಡು ಅರ್ಥ. ಸ್ಲೇಟಿನ ಮೇಲೆ ಬಳಪ ಹಿಡಿದು ಮಗು ಮಾಡುವುದೂ ಬರೆಯುವುದೇ. ಕಾದ ಕಬ್ಬಿಣ ತಾಗಿ ಮೈಮೇಲೆ ಉಳಿಯುವ ಗುರುತೂ ಬರೆಯೇ. ಒಂದು ಅಕ್ಷರದ್ದು, ಇನ್ನೊಂದು ಬೆಂಕಿಯದ್ದು. ಈ ಎರಡೂ ಒಂದೇ ಆಗುವ ಜಾಗವೊಂದಿದೆ. ಕಾದ ಮೊನೆಯಿಂದ ಮರದ ಮೇಲೆ ಗೆರೆ ಎಳೆದು ಚಿತ್ರ ಬಿಡಿಸುವ ಕಲೆ ಅದು. ಗ್ರೀಕ್ ಭಾಷೆಯ ‘ಬೆಂಕಿ’ ಮತ್ತು ‘ಬರಹ’ ಎಂಬ ಎರಡು ಮಾತುಗಳನ್ನು ಕೂಡಿಸಿ ಯುರೋಪಿನವರು ಅದಕ್ಕೆ ಪೈರೋಗ್ರಫಿ ಎಂದು ಹೆಸರಿಟ್ಟರು. ಅವರಿಗೆ ಎರಡು ಪದ ಬೇಕಾದವು. ನಮಗೆ ಒಂದೇ ಸಾಕು.

ಬಾಲ್ಯದಲ್ಲಿ ನಮ್ಮೂರ ಜಾತ್ರೆಗೆ ಕೊಳಲು ಮಾರುವವನೊಬ್ಬ ಬರುತ್ತಿದ್ದ. ಇದ್ದಿಲೊಲೆಯಲ್ಲಿ ನಾಲ್ಕಾರು ಸಲಾಕೆ ಸಿಕ್ಕಿಸಿಟ್ಟು, ಕೆಂಪಗೆ ಕಾದದ್ದನ್ನು ಎತ್ತಿ ಬಿದಿರಿಗೆ ಒತ್ತುತ್ತಿದ್ದ. ಚುಂಯ್ ಎಂದು ಹೊಗೆ ಏಳುತ್ತಿತ್ತು, ದುಂಡಗೆ ತೂತು ಬೀಳುತ್ತಿತ್ತು. ಬೈರಿಗೆ ಇಟ್ಟು ತಿರುಗಿಸಿದರೆ ಬಿದಿರು ಸೀಳೀತು, ಬೆಂಕಿಗೆ ಸೀಳುವುದಿಲ್ಲ ಎಂದು ಅವನೇ ಹೇಳಿದ್ದ. ಸಲಾಕೆಯನ್ನು ಎಷ್ಟು ಹೊತ್ತು ಒತ್ತಬೇಕೆಂದು ಅವನು ಎಣಿಸುತ್ತಿರಲಿಲ್ಲ. ಅದು ಅವನ ಕೈಗೆ ಗೊತ್ತಿತ್ತು.

ಬಹಳ ವರ್ಷಗಳ ನಂತರ ನಾನೇ ಒಂದು ಸುಡುವ ಲೇಖನಿ ಕೊಂಡು, ಮನೆಯ ಹೆಸರಿನ ಫಲಕ ಬರೆಯಲು ಕೂತಾಗ ಅವನ ನೆನಪಾಯಿತು. ನನ್ನ ಪ್ರತಿ ಅಕ್ಷರ ಶುರುವಾಗುವ ಕಡೆ ಒಂದು ಕಪ್ಪು ಬೊಟ್ಟು, ಮುಗಿಯುವ ಕಡೆ ಇನ್ನೊಂದು. ಮೊನೆ ಸರಿಯಿಲ್ಲವೆಂದು ಬದಲಿಸಿದೆ. ಬಿಸಿ ಹೆಚ್ಚಾಯಿತೆಂದು ಇಳಿಸಿದೆ. ಬೊಟ್ಟು ಹೋಗಲಿಲ್ಲ. ಮೊನೆ ಮರವನ್ನು ಮುಟ್ಟಿದ ಮೇಲೆ ‘ಇನ್ನು ಎತ್ತ ಹೋಗಲಿ’ ಎಂದು ಕೈ ತಡೆಯುತ್ತಿದ್ದ ಅರೆಕ್ಷಣವೇ ಆ ಬೊಟ್ಟು ಎಂದು ತಿಳಿಯಲು ವಾರವೇ ಹಿಡಿಯಿತು. ಬಿಸಿ ಕೊಡುವುದು ಸಾಧನ, ಹೊತ್ತು ಕೊಡುವುದು ಕೈ. ಏನು ಕೊಳ್ಳಬೇಕು, ಏನು ಬಿಡಬೇಕು, ಎಲ್ಲಿಂದ ಶುರುಮಾಡಬೇಕು ಎಂಬ ಪ್ರಶ್ನೆಗಳಿಗೆ ನಾನು ಕಂಡುಕೊಂಡ ಉತ್ತರಗಳೆಲ್ಲ ಹೊರಡುವುದು ಈ ಒಂದು ಮಾತಿನಿಂದ.

ಒಲೆಯ ಸಲಾಕೆಯಿಂದ ಪ್ಲಾಟಿನಂ ಮೊನೆಗೆ

ಸುಟ್ಟು ಅಲಂಕರಿಸುವ ಕಸುಬಿಗೆ ತವರೂರು ಒಂದೇ ಅಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಡಿಸ್ ಬೆಟ್ಟಸಾಲಿನ ಹುವಾಂಕಾಯೊ ಪಟ್ಟಣದ ಬಳಿ ಕೋಚಾಸ್ ಎಂಬ ಅವಳಿ ಹಳ್ಳಿಗಳಿವೆ. ಅಲ್ಲಿನವರು ಒಣಗಿದ ಸೋರೆ ಬುರುಡೆಯ ಮೇಲೆ ಹಬ್ಬ, ಸುಗ್ಗಿ, ದನಕರು, ಮನೆಮಾರುಗಳನ್ನು ಕೂದಲೆಳೆಯಷ್ಟು ಸಣ್ಣಗೆ ಕೆತ್ತಿ, ಕೆಂಡದ ಕೊಳ್ಳಿಯನ್ನು ಹತ್ತಿರ ಹಿಡಿದು ಕಂದು ಛಾಯೆ ತರುತ್ತಾರೆ. ನಮ್ಮ ದೇಶದಲ್ಲೇ ಛತ್ತೀಸಗಢದ ಬಸ್ತರ್‌ನಲ್ಲಿ ಇಂಥದೇ ಬುರುಡೆಗೆ ‘ತುಂಬಾ’ ಎನ್ನುತ್ತಾರೆ. ನೀರು, ಗಂಜಿ ಒಯ್ಯಲು ಬಳಸುತ್ತಿದ್ದ ಆ ಬುರುಡೆಯ ಮೇಲೆ ಕಾದ ಚೂರಿಯಿಂದ ಎಲೆ, ಮೀನು, ಹಕ್ಕಿಗಳು ಮೂಡುತ್ತವೆ. ಅಲ್ಲಿನ ಒಂದು ಬಗೆಯ ಬಿದಿರಿನ ಕೊಳಲಂತೂ ಬಾಯಿಯಿಂದ ಊದುವುದಲ್ಲ. ಕೈಯಲ್ಲಿ ಹಿಡಿದು ಗಾಳಿಯಲ್ಲಿ ಬೀಸಿದರೆ ನುಡಿಯುತ್ತದೆ. ಅದರ ಮೈತುಂಬ ಸುಟ್ಟು ಬಿಡಿಸಿದ ಗೆರೆ, ತ್ರಿಕೋನಗಳ ಸಾಲು.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಇದನ್ನು ‘ಪೋಕರ್ ವರ್ಕ್’ ಎಂದು ಕರೆಯುತ್ತಿದ್ದರು. ಪೋಕರ್ ಅಂದರೆ ಒಲೆಯ ಕೆಂಡ ಕೆದಕುವ ಸಲಾಕೆ. ಲಂಡನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿ, 1868ರಲ್ಲಿ ತೀರಿಕೊಂಡ ಶಿಲ್ಪಿ ರಾಬರ್ಟ್ ಬಾಲ್ ಹ್ಯೂಸ್ ಕಾದ ಕಬ್ಬಿಣದಿಂದಲೇ ಮರದ ಹಲಗೆಗಳ ಮೇಲೆ ಚಿತ್ರ ಬಿಡಿಸಿದ್ದ. ಆದರೆ ಸಲಾಕೆಗೆ ಒಂದು ದೊಡ್ಡ ತೊಡಕು. ಒಲೆಯಿಂದ ತೆಗೆದ ಗಳಿಗೆಯಿಂದಲೇ ಅದು ಆರತೊಡಗುತ್ತದೆ. ಮೊದಲ ಗೆರೆ ಕಪ್ಪು, ಹತ್ತನೆಯದು ಮಾಸಲು. ಮತ್ತೆ ಒಲೆಗೆ, ಮತ್ತೆ ಹಲಗೆಗೆ.

ಈ ತೊಡಕು ಬಿಡಿಸಿದ ಉಪಾಯ ಬಂದದ್ದು ಆಸ್ಪತ್ರೆಯಿಂದ. 1870ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪಾಕ್ಲೆನ್ ಗಾಯವನ್ನು ಸುಟ್ಟು ರಕ್ತ ನಿಲ್ಲಿಸಲು ಒಂದು ಉಪಕರಣ ಮಾಡಿದ. ಒಳಗೆ ಟೊಳ್ಳಾದ ಪ್ಲಾಟಿನಂ ಮೊನೆಯನ್ನು ಮೊದಲು ದೀಪದ ಉರಿಯಲ್ಲಿ ಕಾಯಿಸಿ, ಆಮೇಲೆ ರಬ್ಬರ್ ಬುಗ್ಗೆ ಒತ್ತುತ್ತ ಬೆಂಜೀನ್ ಜಾತಿಯ ಎಣ್ಣೆಯ ಆವಿಯನ್ನು ಅದರೊಳಗೆ ತಳ್ಳುತ್ತಿದ್ದರೆ ಸಾಕು, ಮೊನೆ ಕೆಂಪಗೆ ಉರಿಯುತ್ತಲೇ ಇರುತ್ತಿತ್ತು. ಆ ಶತಮಾನ ಮುಗಿಯುವ ಹೊತ್ತಿಗೆ ಇದೇ ಉಪಕರಣ ಕಲಾವಿದರ ಕೈ ಸೇರಿ, ಮನೆಮನೆಯಲ್ಲಿ ಪೆಟ್ಟಿಗೆ, ಕನ್ನಡಿ ಚೌಕಟ್ಟುಗಳ ಮೇಲೆ ಹೂಬಳ್ಳಿ ಬಿಡಿಸುವ ಹವ್ಯಾಸವಾಯಿತು. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ, ಮಕ್ಕಳ ಫಿಟ್ಸ್‌ಗೆ ಮೈಮೇಲೆ ಬರೆ ಹಾಕಿಸುವ ಕೆಟ್ಟ ರೂಢಿಯೊಂದು ಇನ್ನೂ ಪೂರ್ತಿ ಹೋಗಿಲ್ಲ. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ನೋವು ಮತ್ತು ಸೋಂಕು ಮಾತ್ರ ಉಳಿಯುತ್ತದೆ. ಕಾದ ಮೊನೆ ಮನುಷ್ಯನ ಮೈ ಬಿಟ್ಟು ಮರದ ಮೈಗೆ ಬಂದದ್ದು ಒಳ್ಳೆಯದೇ ಆಯಿತು.

ಮರದೊಳಗೆ ನಡೆಯುವುದೇನು?

ಸಾಧನ ಆರಿಸುವ ಮುಂಚೆ ಕಪ್ಪು ಬಣ್ಣ ಎಲ್ಲಿಂದ ಬರುತ್ತದೆಂದು ತಿಳಿದಿದ್ದರೆ ಒಳ್ಳೆಯದು. ಮೊನೆಯಲ್ಲಿ ಮಸಿಯಿಲ್ಲ, ಬಣ್ಣವೆಲ್ಲ ಮರದ್ದೇ. ಮರದ ಮೈ ಮುಖ್ಯವಾಗಿ ಮೂರು ವಸ್ತುಗಳಿಂದ ಆದದ್ದು: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹೆಮಿಸೆಲ್ಯುಲೋಸ್ ಮೊದಲು ಒಡೆಯುತ್ತದೆ, ಮರ ಜೇನಿನ ಬಣ್ಣಕ್ಕೆ ತಿರುಗುತ್ತದೆ. 300 ದಾಟಿದ ಮೇಲೆ ಸೆಲ್ಯುಲೋಸ್ ಬೇಗ ಬೇಗ ಕರಗಿಹೋಗಿ ಕಂದು ದಟ್ಟವಾಗುತ್ತದೆ. ಲಿಗ್ನಿನ್ ಎಲ್ಲಕ್ಕಿಂತ ಹಟಮಾರಿ. ಅದು ನಿಧಾನವಾಗಿ ಸುಡುತ್ತ ಕೊನೆಗೆ ಇದ್ದಿಲಾಗಿ ಉಳಿಯುತ್ತದೆ. ನಾವು ನೋಡುವ ಕಪ್ಪು ಗೆರೆ ಆ ಇದ್ದಿಲೇ.

ಚಿಕ್ಕಮಗಳೂರಿನಲ್ಲೋ ಕೊಡಗಿನಲ್ಲೋ ಕಾಫಿ ಬೀಜ ಹುರಿಯುವವರನ್ನು ಕೇಳಿ ನೋಡಿ. ಉರಿ ಜೋರು ಮಾಡಿದರೆ ಬೀಜದ ಹೊರಮೈ ಸೀದು ಒಳಗೆ ಹಸಿ ಉಳಿಯುತ್ತದೆ. ಹದವಾದ ಉರಿಯಲ್ಲಿ ಕೈಯಾಡಿಸುತ್ತಿದ್ದರೆ ಬಣ್ಣ ಒಂದೇ ಸಮ ಏರುತ್ತದೆ. ಮರದ್ದೂ ಅದೇ ಲೆಕ್ಕ. ಬಣ್ಣ ಅಂದರೆ ಬಿಸಿ ಮತ್ತು ಹೊತ್ತಿನ ಗುಣಾಕಾರ. ಹೆಚ್ಚು ಬಿಸಿಯ ಮೊನೆಯನ್ನು ಸರ್ರನೆ ಎಳೆದರೂ ಕಂದು ಗೆರೆ ಬರುತ್ತದೆ, ಕಡಿಮೆ ಬಿಸಿಯದನ್ನು ನಿಧಾನವಾಗಿ ಎಳೆದರೂ ಬರುತ್ತದೆ. ಆದರೆ ಮೊದಲನೆಯದರಲ್ಲಿ ಕೈ ಕೂದಲೆಳೆಯಷ್ಟು ತಡವಾದರೂ ಗುಳಿ ಬೀಳುತ್ತದೆ, ಅಂಚು ಹರಡಿ ಮಬ್ಬಾಗುತ್ತದೆ. ಎರಡನೆಯದು ತಪ್ಪನ್ನು ತಾಳಿಕೊಳ್ಳುತ್ತದೆ. ಹೊಸಬರು ಕಡಿಮೆ ಬಿಸಿಯಲ್ಲಿ ಕಲಿಯಬೇಕು ಎನ್ನುವುದಕ್ಕೆ ಇದೇ ಕಾರಣ.

ಎರಡು ಬಗೆಯ ಸಾಧನ

ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಎಷ್ಟೇ ಹೆಸರುಗಳು ಕಂಡರೂ ಜಾತಿ ಎರಡೇ.

ಒಂದು, ಗಟ್ಟಿ ಮೊನೆಯದು. ರೇಡಿಯೊ ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ನಿನ ತಮ್ಮ ಎನ್ನಬಹುದು. ಹಿಡಿಯ ಮುಂದಿನ ಕೊಳವೆಯೊಳಗೆ ಬಿಸಿಯಾಗುವ ತಂತಿ ಸುತ್ತಿರುತ್ತದೆ, ತುದಿಗೆ ಹಿತ್ತಾಳೆಯ ಮೊನೆಯನ್ನು ಸ್ಕ್ರೂನಂತೆ ತಿರುಗಿಸಿ ಕೂರಿಸುತ್ತಾರೆ. ಸಾಮಾನ್ಯವಾಗಿ 25ರಿಂದ 60 ವ್ಯಾಟ್. ಹತ್ತಾರು ಮೊನೆಗಳ ಡಬ್ಬಿ ಜೊತೆಗೇ ಬರುತ್ತದೆ, ಬೆಲೆಯೂ ಕೈಗೆಟುಕುತ್ತದೆ. ತೊಂದರೆಯೆಂದರೆ ಕಾಯಲು ಐದರಿಂದ ಹತ್ತು ನಿಮಿಷ, ಆರಲು ಅದಕ್ಕಿಂತ ಹೆಚ್ಚು. ಮೊನೆ ಬದಲಿಸಬೇಕಾದರೆ ಪೂರ್ತಿ ಆರುವವರೆಗೆ ಕಾಯಲೇಬೇಕು. ಅವಸರಪಟ್ಟು ಬಿಸಿಯಲ್ಲೇ ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿದರೆ ಮೆತ್ತಗಾದ ಹಿತ್ತಾಳೆಯ ಥ್ರೆಡ್ ಸವೆದು, ಮೊನೆ ಒಳಗೇ ಮುರಿದು ಕೂರುತ್ತದೆ. ಇನ್ನೊಂದು ಕೊರತೆ, ಬೆರಳು ಹಿಡಿಯುವ ಜಾಗಕ್ಕೂ ಮೊನೆಗೂ ಇರುವ ದೂರ. ಪೆನ್ನನ್ನು ತುದಿಯಲ್ಲಿ ಹಿಡಿದು ಬರೆಯುವುದಕ್ಕೂ ಹಿಂಬದಿಯಲ್ಲಿ ಹಿಡಿದು ಬರೆಯುವುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲೂ ಇದೆ.

ಎರಡನೆಯದು ತಂತಿ ಮೊನೆಯದು. ಮೇಜಿನ ಮೇಲೆ ಒಂದು ಚಿಕ್ಕ ಪೆಟ್ಟಿಗೆ, ಅದರಿಂದ ಹೊರಟ ವೈರಿನ ತುದಿಗೆ ಪೆನ್ನಿನಷ್ಟು ಸಣ್ಣ ಹಿಡಿ. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಕೆಲವೇ ವೋಲ್ಟಿಗೆ ಇಳಿಸಿ, ಹೆಚ್ಚು ಆಂಪಿಯರ್ ಕರೆಂಟನ್ನು ಬಾಗಿಸಿದ ತಂತಿಯ ಮೂಲಕ ಹರಿಸುತ್ತದೆ. ಆ ತಂತಿ ನಿಕ್ರೋಮ್, ಅಂದರೆ ನಿಕಲ್ ಮತ್ತು ಕ್ರೋಮಿಯಂ ಬೆರಕೆ. ಅಮೆರಿಕದ ಆಲ್ಬರ್ಟ್ ಮಾರ್ಷ್‌ಗೆ ಇದರ ಪೇಟೆಂಟ್ ಸಿಕ್ಕಿದ್ದು 1906ರಲ್ಲಿ. ಟೋಸ್ಟರ್, ಹೇರ್ ಡ್ರೈಯರ್, ಕರೆಂಟ್ ಒಲೆಗಳೆಲ್ಲ ಕಾಯುವುದು ಇದೇ ತಂತಿಯಿಂದ. ಕೆಂಪಗೆ ಕಾದರೂ ತುಕ್ಕು ಹಿಡಿದು ಉದುರದಿರುವುದು ಇದರ ಗುಣ. ಸ್ವಿಚ್ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಮೊನೆ ಸಿದ್ಧ, ತೆಗೆದರೆ ಅಷ್ಟೇ ಬೇಗ ತಣ್ಣಗೆ. ಗುಂಡಿ ತಿರುಗಿಸಿ ಬಿಸಿಯನ್ನು ಎಳೆಎಳೆಯಾಗಿ ಏರಿಸಬಹುದು, ಇಳಿಸಬಹುದು. ಬೆರಳು ಮೊನೆಗೆ ಹತ್ತಿರವಿರುತ್ತದೆ. ಬೆಲೆ ಮಾತ್ರ ಗಟ್ಟಿ ಮೊನೆಯದಕ್ಕಿಂತ ಹಲವು ಪಟ್ಟು.

ಯಾವುದು ಕೊಳ್ಳಲಿ? ನಮ್ಮಲ್ಲೊಂದು ಗಾದೆಯಿದೆ: ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ. ನುರಿತವರ ಮೇಜಿನ ಮೇಲೆ ಕಂಡದ್ದನ್ನೆಲ್ಲ ಮೊದಲ ದಿನವೇ ಕೊಳ್ಳಬೇಕಿಲ್ಲ. ಈ ಕಲೆ ನಿಮಗೆ ಹಿಡಿಸುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲವಾದರೆ ಬಿಸಿ ಏರಿಳಿಸುವ ಗುಂಡಿಯಿರುವ ಗಟ್ಟಿ ಮೊನೆಯ ಸೆಟ್ ಸಾಕು. ಗುಂಡಿಯಿಲ್ಲದ್ದು ಬೇಡ, ಒಂದೇ ಬಿಸಿಯಲ್ಲಿ ಛಾಯೆ ಕಲಿಯುವುದು ಕಷ್ಟ. ಮೂರು ತಿಂಗಳ ಮೇಲೂ ವಾರಕ್ಕೆರಡು ಸಲ ಕೈ ತುರಿಸುತ್ತಿದ್ದರೆ ತಂತಿ ಮೊನೆಯದಕ್ಕೆ ಹಣ ಕೂಡಿಡಿ. ಚಿತ್ರಕಲೆ ಮೊದಲೇ ಗೊತ್ತಿದ್ದು, ಮುಖಚಿತ್ರ, ಹಕ್ಕಿಯ ಗರಿಗಳಂಥ ನಯವಾದ ಕೆಲಸವೇ ಗುರಿಯಾಗಿದ್ದರೆ ನೇರವಾಗಿ ತಂತಿ ಮೊನೆಗೇ ಹೋಗಬಹುದು.

ಕೊಳ್ಳುವಾಗ ನಾಲ್ಕು ವಿಷಯ ನೋಡಿ. ನಮ್ಮ 230 ವೋಲ್ಟಿಗೆ ಹೊಂದುತ್ತದೆಯೇ? ಅಮೆರಿಕದಿಂದ ನೆಂಟರು ತಂದುಕೊಟ್ಟದ್ದು 110 ವೋಲ್ಟಿನದಾಗಿದ್ದರೆ ನೇರವಾಗಿ ಚುಚ್ಚಿದ ಕೂಡಲೇ ಸುಟ್ಟುಹೋಗುತ್ತದೆ. ವೈರು ಮೆತ್ತಗಿದೆಯೇ? ಬಿರುಸಾದ ವೈರು ಗೆರೆ ಎಳೆಯುವಾಗ ಕೈಯನ್ನು ಎಳೆಯುತ್ತದೆ. ಸ್ಟ್ಯಾಂಡ್ ಭಾರವಾಗಿದೆಯೇ? ಬಿಡಿ ಮೊನೆಗಳು ಬೇರೆಯಾಗಿ ಸಿಗುತ್ತವೆಯೇ? ಮನೆಯಲ್ಲಿ ಬಿದ್ದಿರುವ ಹಳೆಯ ಸೋಲ್ಡರಿಂಗ್ ಐರನ್ನಿನಲ್ಲೇ ಶುರುಮಾಡುತ್ತೇನೆ ಎನ್ನುವವರಿಗೆ ಒಂದು ಎಚ್ಚರ: ಬೆಸುಗೆಗೆ ಬಳಸಿದ ಮೊನೆಯಲ್ಲಿ ಸೀಸ ಅಂಟಿರುತ್ತದೆ. ಅದನ್ನು ಮರದ ಮೇಲೆ, ಅದರಲ್ಲೂ ಅಡುಗೆಮನೆಗೆ ಹೋಗುವ ಮರದ ಮೇಲೆ ಎಳೆಯಬೇಡಿ. ಬೆಸುಗೆ ಕಾಣದ ಹೊಸ ಮೊನೆ ಹಾಕಿಕೊಳ್ಳಿ.

ಮೂರು ಮೊನೆ ಸಾಕು

ಡಬ್ಬಿಯಲ್ಲಿ ಇಪ್ಪತ್ತು ಮೊನೆಗಳಿರಬಹುದು. ಮೊದಲ ಆರು ತಿಂಗಳಿಗೆ ಮೂರು ಸಾಕು. ಬರೆಯುವ ಮೊನೆ: ತುದಿ ದುಂಡಗಿದ್ದು ಎಲ್ಲ ದಿಕ್ಕಿಗೂ ಜಾರುತ್ತದೆ, ಅಕ್ಷರಕ್ಕೂ ಬಾಗಿದ ಗೆರೆಗೂ ಇದೇ. ಚೂರಿ ಮೊನೆ: ಓರೆಯಾಗಿ ಕತ್ತರಿಸಿದಂತಿದ್ದು ಅಂಚು ಹರಿತ, ನೇರ ಗೆರೆ, ಹುಲ್ಲು, ಕೂದಲು, ಗರಿಗಳಿಗೆ ಇದು ಬೇಕು. ಛಾಯೆಯ ಮೊನೆ: ಸೌಟಿನ ಬೆನ್ನಿನಂತೆ ಅಗಲವಾಗಿ ನುಣುಪಾಗಿರುತ್ತದೆ, ಅದನ್ನು ಒತ್ತದೆ, ಇಸ್ತ್ರಿ ಪೆಟ್ಟಿಗೆಯಂತೆ ಮೆಲ್ಲಗೆ ಸವರಿದರೆ ಮರ ಕೆನೆಯಿಂದ ಜೇನಿಗೆ, ಜೇನಿನಿಂದ ಕಂದಿಗೆ ಹಂತಹಂತವಾಗಿ ಏರುತ್ತದೆ.

ಕೆಲಸ ಮಾಡುತ್ತಿದ್ದ ಹಾಗೆ ಮೊನೆಗೆ ಇದ್ದಿಲಿನ ಪದರು ಕಟ್ಟುತ್ತದೆ. ಬಿಸಿ ಮರಕ್ಕೆ ದಾಟದೆ ಗೆರೆ ಮಾಸುತ್ತದೆ. ಆಗ ಹೆಚ್ಚಿನವರು ಮಾಡುವ ತಪ್ಪು, ಬಿಸಿ ಏರಿಸುವುದು. ಏರಿಸುವ ಮುಂಚೆ ಮೊನೆಯನ್ನು ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ ನೋಡಿ. ತಂತಿ ಮೊನೆಯಾದರೆ ಆರಿದ ಮೇಲೆ ತೀರಾ ನಯವಾದ ಉಪ್ಪುಕಾಗದದ ಮೇಲೆ ಎರಡು ಸಲ ಎಳೆದರೆ ಸಾಕು.

ಮರ ಬಲ್ಲವನೇ ಬಲ್ಲ

ನನ್ನ ಅನುಭವದಲ್ಲಿ, ಒಳ್ಳೆಯ ಸಾಧನ ಮತ್ತು ಕೆಟ್ಟ ಮರಕ್ಕಿಂತ ಸಾಧಾರಣ ಸಾಧನ ಮತ್ತು ಒಳ್ಳೆಯ ಮರವೇ ಮೇಲು. ಬೇಕಾದದ್ದು ತಿಳಿ ಬಣ್ಣ, ಒತ್ತಾದ ಎಳೆ, ಕಡಿಮೆ ರಾಳ, ಚೆನ್ನಾಗಿ ಒಣಗಿದ ಮೈ. ಪಶ್ಚಿಮದ ದೇಶಗಳಲ್ಲಿ ಬಾಸ್‌ವುಡ್, ಬರ್ಚ್, ಮೇಪಲ್ ಮರಗಳನ್ನು ಮೆಚ್ಚುತ್ತಾರೆ. ಕರಕುಶಲ ಸಾಮಾನಿನ ಅಂಗಡಿಗಳಲ್ಲಿ ಬಾಸ್‌ವುಡ್, ಬರ್ಚ್ ಹಲಗೆಗಳು ನಮ್ಮಲ್ಲೂ ಸಿಗುತ್ತವೆ. ನಮ್ಮದೇ ಮರಗಳಲ್ಲಿ ನನಗೆ ಮೊದಲು ನೆನಪಾಗುವುದು ಚನ್ನಪಟ್ಟಣದವರು ಬೊಂಬೆಗೆ ಬಳಸುವ ಆಲೆ ಮರ, ಸಸ್ಯಶಾಸ್ತ್ರದ ಹೆಸರಿನಲ್ಲಿ ರೈಟಿಯಾ ಟಿಂಕ್ಟೋರಿಯಾ. ದಂತದಂಥ ಬಿಳುಪು, ನುಣುಪಾದ ಮೈ. ಅರಗಿನ ಬಣ್ಣ ಹಚ್ಚುವ ಮುಂಚಿನ ಬರಿಯ ಬೊಂಬೆಯೋ ಡಬ್ಬಿಯೋ ಸಿಕ್ಕರೆ ಬಿಡಬೇಡಿ.

ಕಾಫಿ ತೋಟಗಳ ಸಿಲ್ವರ್ ಓಕ್, ಹಳೆ ಮಾವು, ಬೇವಿನ ತುಂಡುಗಳು ಸಾಮಿಲ್‌ಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಲಿಕೆಗೆ ಇವು ಸಾಕು. ರಬ್ಬರ್ ಮರ ತಿಳಿಯಾಗಿ ಚೆನ್ನಾಗಿ ಕಂಡರೂ ಹುಳು ಹಿಡಿಯದಿರಲೆಂದು ಅದಕ್ಕೆ ಬೋರಾಕ್ಸ್ ಮುಂತಾದ ರಾಸಾಯನಿಕ ಕುಡಿಸಿರುತ್ತಾರೆ. ಆ ಹೊಗೆ ಬೇಡ. ತೇಗದಲ್ಲಿ ಎಣ್ಣೆ ಹೆಚ್ಚು, ಬಣ್ಣವೂ ಗಾಢ. ಬೀಟೆಯ ಮೇಲೆ ಕಪ್ಪು ಗೆರೆ ಕಾಣುವುದೇ ಇಲ್ಲ, ಅದರ ಧೂಳು ಹಲವರ ಮೈಗೆ ಒಗ್ಗುವುದೂ ಇಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಹೊಸಬರನ್ನು ಕಾಡುವ ಮರ. ಅದರ ತಿಳಿ ಪಟ್ಟಿ ಮೆದು, ಗಾಢ ಪಟ್ಟಿ ಗಟ್ಟಿ. ಮೆದುವಿನಲ್ಲಿ ಮೊನೆ ಹೂತುಹೋಗುತ್ತದೆ, ಗಟ್ಟಿಗೆ ಬಂದಾಗ ಎಡವುತ್ತದೆ. ಗೆರೆ ಗಂಟುಗಂಟಾಗಿ ಕಾಣುತ್ತದೆ.

ಕೆಲವನ್ನು ಮಾತ್ರ ಮುಟ್ಟಲೇಬಾರದು. ಎಂಡಿಎಫ್ ಹಲಗೆಯ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಸುಟ್ಟರೆ ಅದು ನೇರವಾಗಿ ಮೂಗಿಗೆ. ಪ್ಲೈವುಡ್ಡಿನ ಮೇಲ್ಪದರ ದಾಟಿ ಅಂಟಿನವರೆಗೆ ಸುಡಬಾರದು. ಬಣ್ಣ, ವಾರ್ನಿಶ್, ಪಾಲಿಶ್ ಕಂಡ ಹಳೆ ಬಾಗಿಲು, ಕುರ್ಚಿಗಳ ತುಂಡು ಬೇಡ. ವಿದೇಶದಿಂದ ಸರಕು ಹೊತ್ತು ಬಂದ ಪ್ಯಾಲೆಟ್ ಹಲಗೆಗಳ ಮೇಲೆ ಮುದ್ರೆ ಇರುತ್ತದೆ. ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು. ಎರಡನೆಯದನ್ನು ಬಿಟ್ಟುಬಿಡಿ. ಕಣಗಿಲೆಯ ಕಡ್ಡಿಯ ಹೊಗೆಯೂ ವಿಷ. ಮುಟ್ಟಿದರೇ ಮೈ ಬೊಬ್ಬೆ ಏಳಿಸುವ ಮಲೆನಾಡಿನ ಹೊಲಗೇರಿನಂಥ ಮರಗಳ ಬಗ್ಗೆ ಊರಿನ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಯಾವ ಮರವೆಂದು ಗೊತ್ತಿಲ್ಲದ ತುಂಡನ್ನು ಸುಡಬೇಡಿ.

ಮರ ಬಿಟ್ಟರೆ ಚರ್ಮವೂ ಈ ಕಲೆಗೆ ಒಗ್ಗುತ್ತದೆ. ಆದರೆ ಮರದ ತೊಗಟೆ, ಕಾಯಿಗಳ ಒಗರಿನಿಂದ ಹದಮಾಡಿದ ಚರ್ಮ ಮಾತ್ರ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸುವ ಚರ್ಮ ಈ ಬಗೆಯದು. ಕ್ರೋಮ್ ಉಪ್ಪಿನಿಂದ ಹದಮಾಡಿದ ಚರ್ಮ ಸುಟ್ಟರೆ ವಿಷಕಾರಿ ಕ್ರೋಮಿಯಂ ಹೊರಬರುತ್ತದೆ.

ಮೊದಲ ಹಲಗೆ

ಅಂಗೈ ಅಗಲದ, ಅರ್ಧ ಇಂಚು ದಪ್ಪದ ಹಲಗೆ ತೆಗೆದುಕೊಳ್ಳಿ. 120 ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 180, 220ರವರೆಗೆ ಎಳೆಯ ಉದ್ದಕ್ಕೇ ಉಜ್ಜಿ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಒಳಗೆ ಮಲಗಿದ್ದ ನಾರುಗಳು ಎದ್ದು ನಿಲ್ಲುತ್ತವೆ. ಅವನ್ನು 320ರಿಂದ ಉಜ್ಜಿ ತೆಗೆದರೆ ಮೊನೆ ಬೆಣ್ಣೆಯ ಮೇಲೆ ಓಡಿದಂತೆ ಓಡುತ್ತದೆ. ಉಜ್ಜಿದ ಧೂಳನ್ನು ಪೂರ್ತಿ ಒರೆಸಿ.

ಚಿತ್ರ ಇಳಿಸಲು ಅಂಗಡಿಯ ನೀಲಿ ಕಾರ್ಬನ್ ಪೇಪರ್ ಬೇಡ. ಅದರ ಮೇಣದ ಕಲೆ ಮರದಿಂದ ಅಳಿಯುವುದಿಲ್ಲ. ತೆಳು ಕಾಗದದಲ್ಲಿ ಚಿತ್ರ ಬರೆದು, ಹಿಂಬದಿಗೆ 6ಬಿ ಪೆನ್ಸಿಲಿನಿಂದ ದಟ್ಟವಾಗಿ ತಿಕ್ಕಿ, ಹಲಗೆಯ ಮೇಲಿಟ್ಟು ಗೆರೆಗಳ ಮೇಲೆ ಮತ್ತೆ ಬರೆಯಿರಿ. ತಿಳಿ ಗುರುತು ಇಳಿಯುತ್ತದೆ, ಕೆಲಸ ಮುಗಿದ ಮೇಲೆ ರಬ್ಬರಿನಿಂದ ಹೋಗುತ್ತದೆ. ಗುರುತಿನ ಗೆರೆಗಳನ್ನು ಸುಡುವ ಮುಂಚೆ ಆದಷ್ಟು ತಿಳಿ ಮಾಡಿಕೊಳ್ಳಿ.

ಇನ್ನು ಮೊನೆ. ಪೆನ್ನಿನಂತೆ ಸಡಿಲವಾಗಿ ಹಿಡಿಯಿರಿ, ಒತ್ತಬೇಡಿ. ಒತ್ತಿದರೆ ಬಣ್ಣ ಹೆಚ್ಚುವುದಿಲ್ಲ, ಗುಳಿ ಬೀಳುತ್ತದೆ, ಮೊನೆ ಬಾಗುತ್ತದೆ. ನನ್ನ ಫಲಕದಲ್ಲಿ ಬಿದ್ದ ಬೊಟ್ಟುಗಳಿಗೆ ಮದ್ದು ಹೀಗೆ: ಕೊಕ್ಕರೆ ಕೆರೆಗೆ ಇಳಿಯುವುದನ್ನು ನೋಡಿದ್ದೀರಲ್ಲ, ಮೇಲಿನಿಂದ ದೊಪ್ಪನೆ ಬೀಳುವುದಿಲ್ಲ, ಹಾರುತ್ತಲೇ ಇಳಿದು, ತೇಲುತ್ತ ನೀರು ಮುಟ್ಟುತ್ತದೆ. ಮೊನೆ ಮರವನ್ನು ಮುಟ್ಟುವ ಮುಂಚೆಯೇ ಕೈ ಚಲಿಸುತ್ತಿರಬೇಕು, ಎತ್ತಿದ ಮೇಲೂ ಒಂದಿಷ್ಟು ದೂರ ಚಲಿಸಬೇಕು. ಗೆರೆಯನ್ನು ನಿಮ್ಮ ಕಡೆಗೇ ಎಳೆದುಕೊಳ್ಳಿ. ದಿಕ್ಕು ಬದಲಿಸಬೇಕಾದರೆ ಮಣಿಕಟ್ಟು ತಿರುಚದೆ ಹಲಗೆಯನ್ನೇ ತಿರುಗಿಸಿ.

ಮೊದಲ ದಿನ ಚಿತ್ರ ಬೇಡ. ಒಂದೇ ಬಿಸಿಯಲ್ಲಿ ಮೂರು ವೇಗದ ಗೆರೆಗಳನ್ನು ಎಳೆದು ಬಣ್ಣ ಹೋಲಿಸಿ. ಐದು ಚೌಕ ಹಾಕಿ, ತಿಳಿಯಿಂದ ಕಪ್ಪಿನವರೆಗೆ ಐದು ಛಾಯೆ ತುಂಬಿ. ಪ್ರತಿ ಚೌಕದ ಕೆಳಗೆ ಗುಂಡಿ ಎಷ್ಟರಲ್ಲಿತ್ತೆಂದು ಬರೆದಿಡಿ. ಮುಂದಿನ ಕೆಲಸಕ್ಕೆಲ್ಲ ಈ ಹಲಗೆಯೇ ಪಂಚಾಂಗ.

ಎರಡನೆಯ ದಿನ ಸೊನ್ನೆಗಳ ಸಾಲು. ಇಲ್ಲಿ ಕನ್ನಡಿಗರಿಗೊಂದು ಅನುಕೂಲ ಇದೆ. ನಮ್ಮ ಅಕ್ಷರಗಳು ದುಂಡಗಾದದ್ದಕ್ಕೆ ತಾಳೆಗರಿ ಕಾರಣ ಎನ್ನುತ್ತಾರೆ. ಗರಿಯ ನಾರಿನ ಉದ್ದಕ್ಕೆ ಕಂಟವೆಂಬ ಕಬ್ಬಿಣದ ಲೇಖನಿಯಿಂದ ನೇರ ಗೆರೆ ಕೊರೆದರೆ ಅದು ಸೀಳುತ್ತಿತ್ತು. ಮರದಲ್ಲೂ ಎಳೆ ಇದೆ. ಎಳೆಯ ಉದ್ದಕ್ಕೆ ಮೊನೆ ಹಿಡಿತ ತಪ್ಪಿ ಜಾರುತ್ತದೆ, ಅಡ್ಡಕ್ಕೆ ತಡೆತಡೆದು ಸಾಗುತ್ತದೆ. ಒಂದು ಸೊನ್ನೆ ಸುತ್ತುವಷ್ಟರಲ್ಲಿ ಕೈ ಎರಡು ಸಲ ಜಾರಿಕೆಯನ್ನೂ ಎರಡು ಸಲ ತಡೆಯನ್ನೂ ದಾಟಬೇಕು. ಜಾರುವಲ್ಲಿ ಬಿಗಿಹಿಡಿದು, ತಡೆಯುವಲ್ಲಿ ನಡೆಸಿ, ಸುತ್ತೆಲ್ಲ ಒಂದೇ ಬಣ್ಣ ಬರುವಂತೆ ನೋಡಿಕೊಳ್ಳಬೇಕು. ‘ಠ’, ‘ರ’, ‘ಬ’, ‘ಅ’ ಬರೆದು ಪಳಗಿದ ಕೈಗೆ ನೇರ ಗೆರೆಗಳ ಲಿಪಿ ಕಷ್ಟವಾಗುವುದಿಲ್ಲ. ವರ್ಣಮಾಲೆಯನ್ನೇ ಪಾಠವಾಗಿಟ್ಟುಕೊಳ್ಳಿ. ಆಮೇಲೆ ರಂಗೋಲಿಯ ಎಳೆ, ಮಾವಿನೆಲೆ, ಮನೆಯ ಹೆಸರು, ಮಸಾಲೆ ಡಬ್ಬಿಯ ಮುಚ್ಚಳ.

ಹೊಗೆ, ಕರೆಂಟು, ಕೈ

ಹೊಗೆ ಪರಿಮಳವಾಗಿದೆಯೆಂದು ಮೂಗು ಹತ್ತಿರ ಒಯ್ಯಬೇಡಿ. ಅದರಲ್ಲಿ ಸೂಕ್ಷ್ಮ ಕಣಗಳೂ ಕಣ್ಣು, ಶ್ವಾಸಕೋಶ ಕೆಣಕುವ ಅನಿಲಗಳೂ ಇರುತ್ತವೆ. ಕಿಟಕಿಯ ಪಕ್ಕ ಕೂತು, ಚಿಕ್ಕ ಫ್ಯಾನನ್ನು ನಿಮಗೆ ಬೆನ್ನು ಮಾಡಿ, ಹೊಗೆಯನ್ನು ಹೊರಗೆ ಎಳೆಯುವಂತೆ ಇಡಿ. ಮೊನೆಯ ಮೇಲೆ ಗಾಳಿ ಬೀಸಿದರೆ ಅದು ಆರಿ ಗೆರೆ ಕೆಡುತ್ತದೆ. ಎನ್‌95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಅನಿಲಗಳನ್ನಲ್ಲ. ಆದ್ದರಿಂದ ಕಿಟಕಿಗೆ ಬದಲಿ ಇಲ್ಲ. ಉಪ್ಪುಕಾಗದ ಉಜ್ಜುವಾಗಲೂ ಮಾಸ್ಕ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ.

ನಮ್ಮೂರುಗಳಲ್ಲಿ ಮರೆಯಬಾರದ ಇನ್ನೊಂದು ಮಾತು ಕರೆಂಟು ಹೋಗುವುದು. ಕೆಲಸದ ನಡುವೆ ಹೋಯಿತೆಂದು ಎದ್ದು ಅಡುಗೆಮನೆಗೋ ಅಂಗಡಿಗೋ ಹೋಗುತ್ತೀರಿ. ಯಾರೂ ಇಲ್ಲದಾಗ ಅದು ಬಂದು, ಮೇಜಿನ ಮೇಲಿನ ಮೊನೆ ತಾನಾಗಿ ಕಾಯುತ್ತದೆ. ಕರೆಂಟು ಹೋದ ಗಳಿಗೆಯಲ್ಲೇ ಬೋರ್ಡಿನ ಸ್ವಿಚ್ ಆಫ್ ಮಾಡಿ. ಮಕ್ಕಳಿಗೆ ಕಲಿಸುವಾಗ ದೊಡ್ಡವರು ಪಕ್ಕದಿಂದ ಏಳಬಾರದು. ಕೈ ಸುಟ್ಟರೆ ಇಂಕು, ಟೂತ್‌ಪೇಸ್ಟ್, ಬೆಣ್ಣೆ ಯಾವುದನ್ನೂ ಹಚ್ಚದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಬೊಬ್ಬೆ ದೊಡ್ಡದಾದರೆ ವೈದ್ಯರ ಹತ್ತಿರ ಹೋಗಿ.

ವಿಡಿಯೊಗಳಲ್ಲಿ ಮರದ ಮೇಲೆ ಮಿಂಚಿನ ಕವಲುಗಳಂತೆ ಸುಟ್ಟ ಚಿತ್ತಾರ ಕಂಡಿರಬಹುದು. ಮೈಕ್ರೋವೇವ್ ಒಲೆಯಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರಿನಿಂದ ಸಾವಿರಾರು ವೋಲ್ಟ್ ಹರಿಸಿ ಅದನ್ನು ಮಾಡುತ್ತಾರೆ. ಹಾಗೆ ಮಾಡಲು ಹೋಗಿ ಹಲವರು ಪ್ರಾಣ ಕಳೆದುಕೊಂಡಿದ್ದಾರೆ. ಅಮೆರಿಕದ ಮರದ ಕಡೆತಗಾರರ ಸಂಘ ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿದೆ. ಅದು ಈ ಕಲೆಯ ಮುಂದಿನ ಮೆಟ್ಟಿಲಲ್ಲ. ದಯವಿಟ್ಟು ಅತ್ತ ಹೋಗಬೇಡಿ.

ಬರೆದ ಮೇಲೆ

ಬಣ್ಣ ತುಂಬುವುದಾಗಲಿ, ಎಣ್ಣೆ ಹಚ್ಚುವುದಾಗಲಿ ಸುಟ್ಟ ಮೇಲೆ ಮಾತ್ರ. ವಾರ್ನಿಶ್ ಮೇಲೆ ಸುಟ್ಟರೆ ಹೊಗೆ ವಿಷ. ಅಗಸೆ ಎಣ್ಣೆ, ಜೇನುಮೇಣ ಹಚ್ಚಿದರೆ ಕಂದು ಛಾಯೆಗಳು ತುಂಬಿಕೊಂಡು ಕಾಣುತ್ತವೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಬಿಸಿಗೆ ಅದು ತಾನೇ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿ. ಚಿತ್ರವನ್ನು ನೇರ ಬಿಸಿಲಿಗೆ ತೂಗುಹಾಕಬೇಡಿ. ಇದ್ದಿಲಿನ ಕಪ್ಪು ಉಳಿದೀತು, ತಿಳಿ ಜೇನಿನ ಛಾಯೆಗಳು ಮಾಸುತ್ತವೆ. ಸುತ್ತಲಿನ ಮರವೂ ಬಣ್ಣ ತಿರುಗಿ ಚಿತ್ರ ಅದರೊಳಗೆ ಕರಗುತ್ತದೆ.

ನನ್ನ ಆ ಮೊದಲ ಫಲಕವನ್ನು ಎಸೆದಿಲ್ಲ. ಪೆನ್ಸಿಲಿನ ಗೆರೆ ಅಳಿಸಬಹುದು, ಬಣ್ಣದ ಮೇಲೆ ಬಣ್ಣ ಬಳಿಯಬಹುದು. ಬರೆ ಮಾತ್ರ ಹೋಗುವುದಿಲ್ಲ. ಕೈ ಎಲ್ಲೆಲ್ಲಿ ಅನುಮಾನಪಟ್ಟು ನಿಂತಿತೋ ಅಲ್ಲೆಲ್ಲ ಒಂದೊಂದು ಬೊಟ್ಟು, ಇವತ್ತಿಗೂ ಹಾಗೇ ಇದೆ. ಕಲಿಕೆಯನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳುವ ಇನ್ನೊಂದು ಪುಸ್ತಕವನ್ನು ನಾನು ಕಂಡಿಲ್ಲ.

ಆದ್ದರಿಂದ ಅಭ್ಯಾಸದ ಸೊನ್ನೆಗಳು ಮುಗಿದ ಮೇಲೆ ನೀವು ಸುಡುವ ಮೊದಲ ಪದ ‘ಬರೆ’ ಆಗಿರಲಿ. ಎರಡೇ ಅಕ್ಷರ, ಎರಡೂ ದುಂಡಗಿವೆ. ಚೆನ್ನಾಗಿ ಬಂದರೂ ಬರದಿದ್ದರೂ ಕೆಳಗೆ ತಾರೀಕು ಹಾಕಿ ಎತ್ತಿಡಿ. ಒಂದು ವರ್ಷ ಕಳೆದ ಮೇಲೆ ಹಲಗೆಯ ಹಿಂಬದಿಯಲ್ಲಿ ಅದೇ ಪದವನ್ನು ಮತ್ತೊಮ್ಮೆ ಸುಡಿ. ಎರಡು ಬದಿಗಳ ನಡುವೆ ಇರುವುದು ಅರ್ಧ ಇಂಚು ಮರ, ಮತ್ತು ನಿಮ್ಮ ಕೈ ಕಲಿತುಕೊಂಡ ಹೊತ್ತು.